ನಾಲ್ಕನೇ ಟ್ರ್ಯಾಕಿನ ರೊಟ್ಟಿ

ನಾಲ್ಕು ಟ್ರ್ಯಾಕಿನ ರೆಕಾರ್ಡರ್ ಎಂದರೆ ನಾಲ್ಕು ಮಂದಿ ಕೂಡಿಯೇ ಹಾಡಬೇಕು, ಒಬ್ಬ ಕಡಿಮೆಯಾದರೂ ಯಂತ್ರ ಮುನಿಸಿಕೊಳ್ಳುತ್ತದೆ ಎಂದು ನಾನು ಬಲವಾಗಿ ನಂಬಿದ್ದೆ. ಹಾಗಾಗಿ ಅದು ಮನೆಗೆ ಬಂದ ದಿನ ಅಮ್ಮಿಯನ್ನು, ನನ್ನ ಹೆಂಡತಿ ರುಕ್ಸಾರಳನ್ನು, ಪಕ್ಕದ ಮನೆಯ ಸೋನಾಬಾಯಿಯನ್ನು ಚಾಪೆಯ ಮೇಲೆ ಸುತ್ತಲೂ ಕೂರಿಸಿದೆ. ಯಂತ್ರಕ್ಕೆ ಮೇಲೆ ಕೆಳಗೆ ಸರಿಯುವ ನಾಲ್ಕು ಗುಂಡಿಗಳಿದ್ದವು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂತೆ ಒಬ್ಬೊಬ್ಬರಿಗೆ ಒಂದೊಂದು ಹಂಚಿದೆ. ಸೋನಾಬಾಯಿ ತನ್ನ ಗುಂಡಿಯ ಮೇಲೆ ಬೆರಳಿಟ್ಟು, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗಿನ ಗಾಂಭೀರ್ಯದಲ್ಲಿ ಉಸಿರು ಬಿಗಿಹಿಡಿದು ಕುಳಿತಳು.

"ಈಗ ಹಾಡ್ರಿ," ಎಂದೆ.

"ಏನ ಹಾಡೂದಪಾ?" ಎಂದಳು ಅಮ್ಮಿ.

"ಏನರೆ ಹಾಡ ಅಮ್ಮಿ. ನಾಕ ಮಂದಿ ಬೇಕ, ಅಷ್ಟೇ."

"ಹೆಣಾ ಹೊರಾಕೂ ನಾಕ ಮಂದೀನ ಬೇಕ," ಎಂದಳು ರುಕ್ಸಾರ.

ಆ ಸಂಗೀತ ಸಭೆ ಅಲ್ಲಿಗೇ ಮುಕ್ತಾಯವಾಯಿತು. ಮರುದಿನ ಫೋನಿನಲ್ಲಿ ಒಂದು ವಿಡಿಯೋ ನೋಡಿದಾಗಲೇ ನನಗೆ ಜ್ಞಾನೋದಯವಾದದ್ದು: ಒಬ್ಬನೇ ಮನುಷ್ಯ ಒಂದರ ಮೇಲೊಂದರಂತೆ ನಾಲ್ಕು ಸಲ ಹಾಡಿ, ನಾಲ್ವರು ಹಾಡಿದಂತೆ ಕೇಳಿಸಬಹುದು! ಇದಕ್ಕಿಂತ ಸಿಹಿಯಾದ ಸುದ್ದಿಯನ್ನು ನಾನು ಜೀವಮಾನದಲ್ಲಿ ಕೇಳಿಲ್ಲ. ಮುಂದೆ ನಾನು, ಹಿಂದೆ ನಾನು, ಎಡಕ್ಕೂ ಬಲಕ್ಕೂ ನಾನೇ. ಮೇಳದ ಉಳಿದ ಮೂವರನ್ನು ಗೌರವದಿಂದ ಬಿಡುಗಡೆ ಮಾಡಿದೆ. (ಅವರು ಅಷ್ಟೊಂದು ಖುಷಿ ಪಡಬೇಕಾಗಿರಲಿಲ್ಲ.)

ನಾನು, ಜಾಕೀರ, ಶಿರಗುಪ್ಪಿಯ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕೂತು ಕಬ್ಬಿನ ಗಾಡಿ ತೂಗುವವನು. ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರುಗಳು ಕಬ್ಬಿಗಿಂತ ದೊಡ್ಡ ದನಿಯನ್ನು ಹೇರಿಕೊಂಡು ಬರುತ್ತವೆ. ಆ ಹಾಡುಗಳನ್ನು ಕೇಳಿ ಕೇಳಿ, ಇವರಿಗೂ ಒಂದೇ ಗಂಟಲು, ನನಗೂ ಒಂದೇ ಗಂಟಲು ಎಂಬ ತೀರ್ಮಾನಕ್ಕೆ ಬಂದಿದ್ದೆ. ಅಷ್ಟರಲ್ಲಿ ಶೇಡಬಾಳದ ಧರೆಪ್ಪ ಕಾಕಾನ ಬ್ಯಾಂಜೋ ಪಾರ್ಟಿಯ ಹಾಡುಗಾರ ಬೇರೆ ಪಾರ್ಟಿಗೆ ಹಾರಿಹೋದ. ಮದುವೆಯ ಮೆರವಣಿಗೆಗಳು ತಲೆಯ ಮೇಲಿದ್ದವು. "ನಿನ್ನ ಹಾಡ ರೆಕಾರ್ಡ್ ಮಾಡ್ಕೊಂಡ ಬಾ, ಶುಕ್ರವಾರ ಕೇಳೂಣು," ಎಂದ ಧರೆಪ್ಪ ಕಾಕಾ. ನಾನು ಅವತ್ತೇ ಮಿರಜಿಗೆ ಹೋಗಿ, ಯಾರೋ ಬಳಸಿ ಬಿಟ್ಟ ಈ ಅಂಗೈಯಗಲದ ಯಂತ್ರವನ್ನು ತಂದುಬಿಟ್ಟೆ.

ತೊಂದರೆ ಏನೆಂದರೆ, ಅದೇ ದುಡ್ಡಿನಲ್ಲಿ ನೀರಿನ ಟಾಕಿ ತರುವುದಾಗಿ ರುಕ್ಸಾರಳಿಗೆ ಮಾತು ಕೊಟ್ಟಿದ್ದೆ. ನಮ್ಮ ಓಣಿಯ ನಳ ಬರುವುದು ಯಾವಾಗಲೋ, ಹೋಗುವುದು ತಕ್ಷಣ.

"ಕರಾರ ಮಾಡೂಣ್ರಿ," ಎಂದಳು ಅವಳು, ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡೇ. "ಧರೆಪ್ಪ ಕಾಕಾ ಹೂಂ ಅಂದ್ರ ಈ ಡಬ್ಬಿ ಮನ್ಯಾಗ ಇರ್ಲಿ. ಇಲ್ಲಂದ್ರ ಇದನ್ನ ಮಾರಿ ಟಾಕಿ ತರೂದು. ಮತ್ತ ಅವತ್ತಿನಿಂದ ನೀವು ಜಳಕದ ಮನ್ಯಾಗ ಸೈತ ಗುಂಯ್ ಅನ್ನಬಾರ್ದ."

ಜಳಕದ ಮನೆಯ ಗಾಯನ ಗಂಡಸಿನ ಮೂಲಭೂತ ಹಕ್ಕು. ಆದರೂ ಒಪ್ಪಿದೆ. ಗೆಲ್ಲುವವನು ಕರಾರಿಗೆ ಹೆದರುತ್ತಾನೆಯೇ?

ಗುರುವಾರದೊಳಗೆ ಮೂರು ಟ್ರ್ಯಾಕುಗಳು ಮುಗಿದವು. ಮೊದಲನೆಯದರಲ್ಲಿ ಹಾಡು. ಎರಡನೆಯದರಲ್ಲಿ ಅದೇ ಹಾಡು, ದಪ್ಪ ದನಿಯಲ್ಲಿ. ಮೂರನೆಯದರಲ್ಲಿ ಮತ್ತೆ ಅದೇ ಹಾಡು, ನನ್ನ ಮಟ್ಟಿಗೆ ಅದ್ಭುತವಾದ ಸಣ್ಣ ದನಿಯಲ್ಲಿ. ಶುಕ್ರವಾರ ಮುಂಜಾನೆಗೆ ನಾಲ್ಕನೆಯದೊಂದು ಉಳಿಯಿತು. ಅದರಲ್ಲಿ ಪ್ರತಿ ಸಾಲಿನ ಕೊನೆಗೆ ಎದೆ ಒಡೆಯುವಂಥ ಒಂದು "ಆಹ್!" ಹಾಕಿದರೆ ಸಾಕು. ಆ ಆಹ್‌ಕಾರ ಭೂಮಂಡಲಕ್ಕೆಲ್ಲ ಕೇಳಲಿ ಎಂದು, ಮೈಕಿನ ಜೋರು ಹೆಚ್ಚಿಸುವ ತಿರುಗುಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿದೆ.

ಈ ಕಸುಬಿನಲ್ಲಿ ಒಂದು ಅನ್ಯಾಯವಿದೆ. ಹಾಡೆಲ್ಲ ಹೆಡ್‌ಫೋನ್ ಹಾಕಿಕೊಂಡವನ ಕಿವಿಯೊಳಗೆ ಮಾತ್ರ. ಹೊರಗಿನ ಪ್ರಪಂಚಕ್ಕೆ ಅವನ ಬಾಯಿಂದ ಬಂದದ್ದಷ್ಟೇ ಪ್ರಾಪ್ತಿ. ನನ್ನ ಕಿವಿಯಲ್ಲಿ ಮೂವರು ಜಾಕೀರರು ಮೆರವಣಿಗೆ ಹೊರಟಿದ್ದರೆ, ಓಣಿಗೆ ಕೇಳುತ್ತಿದ್ದದ್ದು ನಡುನಡುವೆ ಒಂದು "ಆಹ್!" ಮಾತ್ರ. ಅತ್ತ ಪರದೆಯಾಚೆ ಅಡಿಗೆಮನೆಯಲ್ಲಿ ರುಕ್ಸಾರ ಜೋಳದ ರೊಟ್ಟಿ ಬಡಿಯತೊಡಗಿದ್ದಳು. ಪಟಪಟ ಪಟ್, ಪಟಪಟ ಪಟ್. ಅದೇ ಹೊತ್ತಿಗೆ ನಳ ಬಂತು. ಅವಳ ಕೈ ಹಿಟ್ಟಿನಲ್ಲಿತ್ತು; ಕೂತಲ್ಲಿಂದಲೇ ಕೂಗಿದಳು. ನನಗೆ ಕೇಳಲಿಲ್ಲ. ಮತ್ತೆ ಕೂಗಿದಳು. ಸಿಟ್ಟು ಏರಿದಂತೆ ರೊಟ್ಟಿಯ ಪೆಟ್ಟೂ ಏರಿತು.

ಬಾಗಿಲ ಹೊರಗಿದ್ದ ಸೋನಾಬಾಯಿಯ ಕಿವಿಗೆ ಬಿದ್ದದ್ದು ಇಷ್ಟು:

"ಎಷ್ಟ ಹೇಳ್ಬೇಕ್ರಿ ನಿಮಗ!" ಪಟಪಟ ಪಟ್.

"ಆಹ್!"

"ಏಳ್ತೀರೋ ಇಲ್ಲೋ!" ಪಟಪಟ ಪಟ್.

"ಆಹ್!"

ಸೋನಾಬಾಯಿ ಸೀರೆ ಎತ್ತಿ ಕಟ್ಟಿ ಓಡಿಬಂದಳು. "ಅಗ ಬಾಯೀ! ಬಿಡ ಬೇ ರುಕ್ಸಾರಾ, ಬಿಡ ಅವನ್ನ! ಒಬ್ಬಾವ ಮಗಾ ಅದಾನ!"

ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅಮ್ಮಿ ತಲೆ ಎತ್ತದೆ ಹೇಳಿದಳು, "ಬಡೀಲಿ ಬಿಡ ಸೋನಾಬಾಯಿ. ಇನ್ನೂ ಡಜನ್ ಆಗಬೇಕ."

ನಾನು ಕಣ್ಣು ತೆರೆದಾಗ ಸೋನಾಬಾಯಿ ನನ್ನ ಅಂಗಿ ಎತ್ತಿ ಬೆನ್ನಿನ ಮೇಲೆ ಬಾಸುಂಡೆ ಹುಡುಕುತ್ತಿದ್ದಳು. ನಳ ಹೋಗಿತ್ತು. ಕೊಡಗಳು ಖಾಲಿ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದವು. ನಾಲ್ಕನೇ ಟ್ರ್ಯಾಕನ್ನು ಒಮ್ಮೆ ಕೇಳಿ ನೋಡುವ ಅವಕಾಶವೂ ಸಿಗಲಿಲ್ಲ. ಇದ್ದ ಹೊತ್ತೆಲ್ಲ ದೂರದ ಬೋರಿನಿಂದ ನೀರು ಹೊರುವುದರಲ್ಲೇ ಹೋಯಿತು.

ಶೇಡಬಾಳಕ್ಕೆ ರುಕ್ಸಾರಳೂ ಬಂದಳು. "ನೀವು ಹೊಳ್ಳಿ ಬಂದ ಸುಳ್ಳ ಹೇಳ್ತೀರಿ," ಎಂದು ಬೈಕಿನ ಹಿಂದೆ ಕೂತೇಬಿಟ್ಟಳು. ಧರೆಪ್ಪ ಕಾಕಾನ ಅಂಗಳದಲ್ಲಿ ಮೆರವಣಿಗೆಯ ಟ್ರಾಲಿ ನಿಂತಿತ್ತು, ಮೇಲೆ ಬೀರುವಿನಂಥ ಸ್ಪೀಕರುಗಳು. ನನ್ನ ಪುಟ್ಟ ಯಂತ್ರಕ್ಕೆ ವೈರು ಚುಚ್ಚಿದರು. ಮೂರು ನಾನುಗಳು ಒಟ್ಟಿಗೆ ಶೇಡಬಾಳದ ಆಕಾಶಕ್ಕೆ ಏರಿದೆವು. ಕಾಕಾ ಕಣ್ಣು ಕಿರಿದು ಮಾಡಿದ.

"ಈ ಒಂದನೇದು ಯಾರ?"

"ನಾನೇರಿ ಕಾಕಾ."

ಒಂದನೇ ಗುಂಡಿಯನ್ನು ಕೆಳಗೆಳೆದು ಆ ದನಿ ಅಡಗಿಸಿದ. "ಇದು?"

"ಇದೂ ನಾನೇ. ದಪ್ಪ ದನಿ."

ಅದೂ ಕೆಳಗೆ ಹೋಯಿತು. ಮೂರನೆಯದಕ್ಕೆ ನಾನು ಬಾಯಿ ತೆರೆಯುವುದರೊಳಗೆ ಅದನ್ನೂ ಎಳೆದ. "ಇಷ್ಟ ಮಂದಿ ಜಾಕೀರ ಬ್ಯಾಡೋ ತಮ್ಮಾ ನನಗ. ಒಬ್ಬಾವನೇ ಹೆಚ್ಚಾಗ್ಯಾನ."

ಟಾಕಿ ನನ್ನ ಕಣ್ಣ ಮುಂದೆ ಕಪ್ಪಗೆ ದುಂಡಗೆ ಬಂದು ನಿಂತಿತು. ಅಷ್ಟರಲ್ಲಿ, ಎಳೆಯದೆ ಉಳಿದಿದ್ದ ನಾಲ್ಕನೇ ಟ್ರ್ಯಾಕಿನ ಹೊಸ ದನಿ ಸ್ಪೀಕರಿನಿಂದ ಹೊರಟಿತು. ಪಟಪಟ ಪಟ್, ಪಟಪಟ ಪಟ್. "ನಳಾ ಬಂತ್ರೀ, ಕೊಡಾ ಇಡ್ರೀ!" ಪಟಪಟ ಪಟ್. "ಆಹ್!" ರೊಟ್ಟಿಯ ಪೆಟ್ಟು ಒಂದಿಷ್ಟೂ ಹಿಂದೆ ಮುಂದೆ ಆಗುತ್ತಿರಲಿಲ್ಲ. ಬೈಗುಳ ಅದರ ಮೇಲೆ ಸವಾರಿ ಮಾಡುತ್ತಿತ್ತು. ಹಲಗೆ ಬಾರಿಸುವವನು ಬಾಯಲ್ಲಿದ್ದ ಎಲೆ ಉಗುಳಿ ಹಲಗೆ ಎತ್ತಿಕೊಂಡ. ಬ್ಯಾಂಜೋದವನು ತಂತಿ ಮೀಟಿದ. "ಬಿಡ ಬೇ ರುಕ್ಸಾರಾ!" ಎಂದು ಸೋನಾಬಾಯಿ ಒದರುವ ಹೊತ್ತಿಗೆ ಓಣಿಯ ಹುಡುಗರು ಟ್ರಾಲಿಯ ಮುಂದೆ ಕುಣಿಯುತ್ತಿದ್ದರು.

"ಈ ತಾಳಾ ಬಾರಿಸಿದವ್ರು ಯಾರ?" ಎಂದ ಕಾಕಾ.

ಕಟ್ಟೆಯ ಮೇಲಿದ್ದ ರುಕ್ಸಾರ ಮುಖಕ್ಕೆ ಸೆರಗು ಮರೆಮಾಡಿ ಹೇಳಿದಳು, "ತಾಳಾ ಅಲ್ರಿ ಕಾಕಾ, ರೊಟ್ಟಿ."

"ಯವ್ವಾ, ಮೆರವಣಿಗಿಗೆ ನೀ ಬರೂದು ಬ್ಯಾಡ. ಮನ್ಯಾಗ ಕುಂತ ಹಿಂಗ ಬಡಿ, ಹಿಂಗ ಬೈ. ಇವ ರೆಕಾರ್ಡ್ ಮಾಡ್ತಾನ. ಉಳದದ್ದು ನಾವು ಬಾರಿಸ್ತೀವಿ." ಅಂದವನೇ ಇಸಾರದ ಮುಂಗಡ ದುಡ್ಡನ್ನು ಅವಳ ಕೈಗೇ ಕೊಟ್ಟ.

ಹೀಗೆ ಕರಾರಿನ ಪ್ರಕಾರ ಯಂತ್ರ ಮನೆಯಲ್ಲಿ ಉಳಿಯಿತು. ಇಸಾರದಲ್ಲಿ ಟಾಕಿಯೂ ಬಂತು. ಇದನ್ನು ನಾನು ನನ್ನ ದಿಗ್ವಿಜಯವೆಂದೇ ದಾಖಲಿಸುತ್ತೇನೆ. ಯಂತ್ರ ಯಾರು ತಂದದ್ದು? ಅಡಿಗೆಮನೆಯವರೆಗೂ ಕೇಳುವಂತೆ ಮೈಕಿನ ಜೋರು ಏರಿಸಿದವರು ಯಾರು? ಅಲ್ಲದೆ ನನ್ನ "ಆಹ್" ಹಾಡಿನಲ್ಲಿ ಹಾಗೆಯೇ ಇದೆ. ಈಗ ಅಥಣಿಯಿಂದ ಕಾಗವಾಡದವರೆಗೆ ಮದುವೆಯ ಮಂದಿ ರುಕ್ಸಾರಳ ಬೈಗುಳ ಮುಗಿದೊಡನೆ ಕೈ ಎತ್ತಿ "ಆಹ್!" ಎನ್ನುತ್ತಾರೆ. ಮದುಮಗ ಮಾತ್ರ ಸ್ವಲ್ಪ ಯೋಚನೆಗೆ ಬೀಳುತ್ತಾನೆ.

ಮೊನ್ನೆ ಕಬ್ಬಿನ ಟ್ರ್ಯಾಕ್ಟರೊಂದು ಆ ಹಾಡನ್ನೇ ಹಚ್ಚಿಕೊಂಡು ನನ್ನ ಕಾಟಾದ ಮೇಲೆ ಬಂದು ನಿಂತಿತು. ಡ್ರೈವರ್ ಕೆಳಗೆ ಬಗ್ಗಿ, "ಸಾಹೇಬ್ರ, ಈ ಹೊಡತಾ ತಿನ್ನಾವ ಯಾರ ಇರಬೇಕ್ರಿ? ಭಾಳ ಖರೇ ಒದರ್ಯಾನ!" ಎಂದ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಉಂಟೆ? ಎದೆಯುಬ್ಬಿಸಿ ತೂಕದ ಚೀಟಿ ಹರಿದುಕೊಟ್ಟೆ.

ಆ ಹುಮ್ಮಸ್ಸಿನಲ್ಲಿ ಮನೆಗೆ ಬಂದವನು, ಕೇಳಬಾರದ ಪ್ರಶ್ನೆಯನ್ನು ಕೇಳಿಬಿಟ್ಟೆ. ರುಕ್ಸಾರ ಹೊಸ ಹಾಡಿಗೆ ಹಿಟ್ಟು ನಾದುತ್ತಿದ್ದಳು. ನಾನು ಕೆಂಪು ಗುಂಡಿ ಒತ್ತಲು ಯಂತ್ರ ಹಿಡಿದು ಎದುರಿಗೆ ಕೂತಿದ್ದೆ.

"ಖರೇ ಹೇಳ. ನನ್ನ ಹಾಡ ಅಷ್ಟ ಕೆಟ್ಟ ಇರ್ತೈತೇನ?"

"ಹೌದ್ರಿ," ಎಂದಳು ಅವಳು, ಹಿಟ್ಟಿನಿಂದ ಕಣ್ಣು ತೆಗೆಯದೆ. "ಮಶೀನದಾಗರ ಕೆಳಗ ಎಳಿಯಾಕ ಗುಂಡಿ ಐತಿ. ಜಳಕದ ಮನ್ಯಾಗ ಅದೂ ಇಲ್ಲ."