ಪ್ಲೇಟಿನ ಎರಡನೇ ಬದಿ

ಸಂಗೀತ ಕಲಿಸುವವರ ಮನೆಯಲ್ಲಿ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ನನ್ನವೆಲ್ಲ ಭಯದಿಂದಲೇ ಆದವು. ಅರವತ್ತರ ದಶಕದಲ್ಲಿ ಯಜಮಾನರಿಗೆ ಗುಜರಾತಿನ ಕೊಯಾಲಿ ರಿಫೈನರಿಯಲ್ಲಿ ಕೆಲಸ. ಕಾಲೊನಿಯ ಆರು ಕನ್ನಡದ ಹುಡುಗಿಯರಿಗೆ ನಾನೇ ಸಂಗೀತದ ಟೀಚರು. ನನಗೆ ಗುರುಗಳಿರಲಿಲ್ಲ, ಸ್ವರ ಬರೆದ ಪುಸ್ತಕವೂ ಇರಲಿಲ್ಲ. ಇದ್ದದ್ದು ಒಂದು ಗ್ರಾಮಫೋನು, ಮೈಸೂರಿನ ಕಡೆಯ ವಿದ್ವಾಂಸರೊಬ್ಬರ ಒಂದೇ ಪ್ಲೇಟು. ಕೀರ್ತನೆ ಅರ್ಧ ಈ ಬದಿ, ಅರ್ಧ ಆ ಬದಿ. ತಿಳಿದವರು ಯಾರಾದರೂ ಬಂದು ಹಿಡಿದುಬಿಟ್ಟರೆ ಎಂದು ಕಿಟಕಿ ಮುಚ್ಚಿಯೇ ಪಾಠ ಮಾಡುತ್ತಿದ್ದೆ.

ಕೀಲಿ

ಗ್ರಾಮಫೋನು ಪೆಟ್ಟಿಗೆಯ ಸ್ಪ್ರಿಂಗು ಹಳೆಯದು. ಬದಿ ಮುಗಿಯುವ ಮೊದಲೇ ಕೊಟ್ಟ ಕೀಲಿ ಇಳಿದು ಹಾಡು ಪಾತಾಳ ಸೇರುತ್ತಿತ್ತು. ಆರೂ ಹುಡುಗಿಯರು ಅದರ ಜೊತೆಗೇ ಇಳಿದು ನರಳುತ್ತಿದ್ದರು. ಬೇಗ ಬೇಗ ಹಾಡಿ, ಕೀಲಿ ಮುಗಿಯುತ್ತೆ ಎಂದು ಗದರುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಗುಜರಾತಿ ಹೆಂಗಸು ಬಾಗಿಲು ಬಡಿದರು. ಪೆಟ್ಟಿಗೆಯ ಮೇಲೆ ಟವೆಲು ಹೊದಿಸಿ ಬಾಗಿಲು ತೆರೆದೆ. ಅವರ ಕೈಯಲ್ಲಿ ಕಷಾಯದ ಲೋಟ. ಹೊಟ್ಟೆನೋವು ಯಾರಿಗೆ ಎಂದು ಹಿಂದಿಯಲ್ಲಿ ಕೇಳಿದರು.

ನನಗೇ ಎಂದು ಹೇಳಿ ಕುಡಿದುಬಿಟ್ಟೆ.

ಮುಳ್ಳು

ಪ್ಲೇಟಿನ ಮೇಲೊಂದು ಗೀರು. ಮುಳ್ಳು ಅಲ್ಲಿ ಸಿಕ್ಕಿಕೊಂಡು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿತ್ತು. ನಾನು ಪೆಟ್ಟಿಗೆ ತಟ್ಟಿದರೆ ಮುಂದಕ್ಕೆ. ಎಲ್ಲರಿಗಿಂತ ಚಿಕ್ಕ ಹುಡುಗಿ ಮನೆಯಲ್ಲೂ ಅದೇ ಸಾಲಿಗೆ ಬಂದು ಸಿಕ್ಕಿಕೊಳ್ಳುತ್ತಾಳೆ, ಬೆನ್ನು ತಟ್ಟದಿದ್ದರೆ ಮುಂದೆ ಹೋಗುವುದಿಲ್ಲ ಎಂದು ಅವಳಮ್ಮ ದೂರು ತಂದರು. ಗುಟ್ಟು ರಟ್ಟಾಯಿತೆಂದುಕೊಂಡೆ.

ಅವಳು ಒಂದೇ ಸಾಲನ್ನು ತಿರುಗಿ ತಿರುಗಿ ಹಾಡುವುದು ಸಂಗತಿ, ನೀವು ತಟ್ಟುವುದು ತಾಳ ಎಂದುಬಿಟ್ಟೆ.

ಎರಡನೇ ಬದಿ

ಅಹಮದಾಬಾದಿನ ಕನ್ನಡಿಗರ ಗಣೇಶೋತ್ಸವಕ್ಕೆ ಹುಡುಗಿಯರನ್ನು ಹಾಡಲು ಕರೆದುಕೊಂಡು ಹೋದೆ. ಮುಂದಿನ ಕುರ್ಚಿಯಲ್ಲಿ ಮುಖ್ಯ ಅತಿಥಿ ಕೂತಿದ್ದರು. ಯಾರೆಂದು ಕೇಳಿದರೆ ಪ್ಲೇಟಿನ ವಿದ್ವಾಂಸರೇ! ಓಡಿಹೋಗೋಣವೆಂದರೆ ಹುಡುಗಿಯರು ಆಗಲೇ ವೇದಿಕೆ ಹತ್ತಿಯಾಗಿತ್ತು.

ಚೆನ್ನಾಗಿಯೇ ಹಾಡಿದರು. ಅರ್ಧಕ್ಕೆ ಬಂದವರೇ ಆರೂ ಜನ ಗಪ್ಪೆಂದು ನಿಂತು ನನ್ನ ಮುಖ ನೋಡತೊಡಗಿದರು. ಪ್ಲೇಟಿನ ಒಂದು ಬದಿ ಮುಗಿದಿತ್ತು, ನಾನು ತಿರುವಿ ಹಾಕಬೇಕಿತ್ತು. ಬೇರೆ ದಾರಿ ಕಾಣದೆ, ಅಂಗೈಯನ್ನು ಎತ್ತಿ ಮಗುಚಿದೆ. ಹುಡುಗಿಯರು ಮತ್ತೆ ಶುರು ಮಾಡಿ ಕೊನೆಯ ಚರಣವನ್ನು ಒಂದೇ ಉಸಿರಿಗೆ ಓಡಿಸಿ ಮುಗಿಸಿದರು.

ವಿದ್ವಾಂಸರು ಎದ್ದು ನೇರ ನನ್ನ ಹತ್ತಿರ ಬಂದರು. ನಾನು ಕೈ ಮುಗಿದೆ.

"ಗುರುಗಳು ಯಾರು ಅಂತ ಕೇಳೋದಿಲ್ಲಮ್ಮ, ಗೊತ್ತಾಯ್ತು," ಎಂದರು. "ಅವತ್ತು ರೆಕಾರ್ಡಿಂಗಿನಲ್ಲಿ ಪ್ಲೇಟು ತುಂಬೋದರೊಳಗೆ ಮುಗಿಸಬೇಕಲ್ಲ ಅಂತ ಹೆದರಿ ನಾನು ಕೊನೆಗೆ ಓಡಿದ್ದೆ. ಇವರು ಯಾಕೆ ಓಡಿದರು?"

ಚಿಕ್ಕ ಹುಡುಗಿ ಅವರ ಪಂಚೆ ಜಗ್ಗಿ ಹೇಳಿದಳು: "ಅಂಕಲ್, ಬೇಗ ಹಾಡದೇ ಇದ್ದರೆ ಕೀಲಿ ಮುಗಿದು ಪೆಟ್ಟಿಗೆಯೊಳಗೆ ನಿಮಗೆ ಹೊಟ್ಟೆನೋವು ಬರುತ್ತಲ್ಲ."