ಜೋಶಿ ಕಾಕುವಿನ ವಯಸ್ಸು, ನನ್ನ ಸೋಲು

ಮರಾಠಿ ನಾಡಿನ ಐರೋಲಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ಚುನಾವಣೆಗೆ ನಿಂತಾಗ ಗೆಲುವಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸತ್ಯ ನನ್ನ ಕಡೆಗಿತ್ತು! ಮೇಲಿನ ಮಹಡಿಗಳ ನಲ್ಲಿಗಳಲ್ಲಿ ನೀರು ಬರುತ್ತಿರಲಿಲ್ಲ. ಭಾನುವಾರವೆಲ್ಲ ಟೆರೇಸಿನ ಬಿಸಿಲಲ್ಲಿ ಬೆಂದು ನಾನು ಕಾರಣ ಕಂಡುಹಿಡಿದಿದ್ದೆ. ಪಂಪು ಸರಿಯಿದೆ, ಕೆಟ್ಟಿರುವುದು ಟ್ಯಾಂಕಿನ ವಾಲ್ವು.

ಎದುರಾಳಿ ವಿಜಯಪುರದ ಬಸಣ್ಣ, ಕಾರ್ಖಾನೆಯಿಂದ ನಿವೃತ್ತರಾದವರು. ಹೊಸ ಪಂಪು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅವರ ವಾದ. ಶುದ್ಧ ತಪ್ಪು!

"ರೀ, ಸ್ವಲ್ಪ ನಗ್ತಾ ಮಾತಾಡಿ," ಎಂದಳು ಹೆಂಡತಿ ಸುಮಾ, ನನ್ನ ಕಾಲರ್ ಸರಿಮಾಡುತ್ತಾ.

"ವಾಲ್ವಿನ ವಿಷಯದಲ್ಲಿ ನಗೋದೇನಿದೆ?" ಎಂದೆ.

ಪಾರ್ಕಿಂಗ್ ಜಾಗದಲ್ಲಿ ಸಭೆ. ಗೋಡೆಗೆ ಬೆಡ್‌ಶೀಟ್ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ನೀರಿನ ಒತ್ತಡದ ನಕ್ಷೆಗಳನ್ನು ವಿವರಿಸಿದೆ. ನಡುವೆ ಬೆಡ್‌ಶೀಟ್ ಕಳಚಿ ಬಿತ್ತು. ಯಾರಿಗೂ ಗೊತ್ತಾಗಲಿಲ್ಲ. ಯಾರೂ ನೋಡುತ್ತಲೇ ಇರಲಿಲ್ಲ!

"ಪಾನಿ ಆಯೇಗಾ ಕ್ಯಾ?" ನೀರು ಬರುತ್ತದೋ ಇಲ್ಲವೋ ಎಂದು ಕೇಳಿದರು ಏಳನೇ ಮಹಡಿಯ ಜೋಶಿ ಕಾಕು, ಇಡೀ ಸೊಸೈಟಿಯ ಚಿಕ್ಕಮ್ಮ.

"ಡಿಪೆಂಡ್ ಕರ್ತಾ ಹೈ," ಎಂದೆ, ಅತ್ಯಂತ ಪ್ರಾಮಾಣಿಕವಾಗಿ.

ಬಸಣ್ಣನ ಬಳಿ ನಕ್ಷೆಯೂ ಇಲ್ಲ, ಚೀಟಿಯೂ ಇಲ್ಲ. ಮೊದಲು ಕಾಕುವಿನ ಪಕ್ಕ ಕೂತು ಮೊಣಕಾಲು ನೋವಿನ ಬಗ್ಗೆ ಮರಾಠಿಯಲ್ಲಿ ವಿಚಾರಿಸಿದರು. ಆಮೇಲೆ ಎದ್ದು, ಅರವತ್ತೆಂಟರ ನಮ್ಮ ಕಾಕು ಬಕೆಟ್ ಹೊರುವುದನ್ನು ಕಂಡರೆ ತಮಗೆ ಊಟ ಇಳಿಯುವುದಿಲ್ಲ ಎಂದರು. ಎಲ್ಲರೂ ತಲೆದೂಗಿದರು. ನಾನೂ ತೂಗಿದೆ.

ಆದರೆ ಸತ್ಯಕ್ಕೆ ಅಪಚಾರವಾಗಬಾರದಲ್ಲ? ಎದ್ದು ನಿಂತೆ.

"ಅರವತ್ತೆಂಟಲ್ಲ, ಎಪ್ಪತ್ಮೂರು! ಅವರ ರೈಲು ಟಿಕೆಟ್ ಬುಕ್ ಮಾಡಿದವನೇ ನಾನು!" ಎಂದು ಹಿಂದಿಯಲ್ಲಿ ಘೋಷಿಸಿದೆ.

ಇಡೀ ಸಂಜೆ ನಾನಾಡಿದ ಮಾತುಗಳಲ್ಲಿ ಎಲ್ಲರಿಗೂ ಅರ್ಥವಾಗಿದ್ದು ಅದೊಂದೇ! ಕಾಕು ಸೆರಗು ಬಿಗಿಮಾಡಿಕೊಂಡು ನೆಲ ನೋಡಿದರು. ಬಸಣ್ಣ ಮೆಲ್ಲಗೆ, ನಮ್ಮ ಪಾಲಿಗೆ ಕಾಕುವಿಗೆ ಯಾವತ್ತೂ ಅರವತ್ತೆಂಟೇ ಎಂದರು. ಚಪ್ಪಾಳೆಯೋ ಚಪ್ಪಾಳೆ!

ಕೈ ಎತ್ತಿ ಮತ ಹಾಕುವ ಪದ್ಧತಿ. ನನ್ನ ಪರವಾಗಿ ಎದ್ದದ್ದು ಎರಡು ಕೈ. ಎರಡೂ ಸುಮಾಳವು!

ಮಾರನೇ ದಿನ ಕಾಕುವಿನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಲಾಡು ಕೊಟ್ಟರು. ಇನ್ನುಮುಂದೆ ಟಿಕೆಟನ್ನು ಬಸಣ್ಣನ ಕೈಲೇ ಮಾಡಿಸುತ್ತೇನೆ ಎಂದೂ ಹೇಳಿದರು.

ಹೊಸ ಪಂಪು ಬಂತು. ನೀರು ಬರಲಿಲ್ಲ. ಸತ್ಯಕ್ಕೇ ಜಯ! ಒಂದು ಬೆಳಿಗ್ಗೆ ಬಸಣ್ಣ ನಮ್ಮ ಬಾಗಿಲಿಗೆ ಬಂದರು. ಹೇಳಬೇಕಾದ ಮಾತುಗಳನ್ನೆಲ್ಲ ನಾನು ಎಂದೋ ಸಿದ್ಧಪಡಿಸಿಟ್ಟಿದ್ದೆ.

ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಸರ, ನೀವು ಹೇಳಿದ್ದ ಖರೇ ಐತ್ರಿ. ನಾ ತಪ್ಪಿದೆ. ಕಾಕುನ ಬಕೆಟ್ ಇನ್ನೂ ಇಳಿದಿಲ್ಲ ನೋಡ್ರಿ. ಆ ವಾಲ್ವ್ ಯಾವುದಂತ ಜರಾ ಬಂದು ತೋರಸ್ರಿ. ನಿಮ್ಮನ್ನ ಬಿಟ್ರ ನನಗ್ಯಾರದಾರ್ರೀ?"

"ಛೇ, ನಿಮ್ಮದೇನೂ ತಪ್ಪಿಲ್ಲ ಬಿಡಿ ಬಸಣ್ಣ," ಎಂದೆ, ಚಪ್ಪಲಿ ಹುಡುಕುತ್ತಾ. "ಆ ಪಂಪೂ ತೀರಾ ಹಳೆಯದಾಗಿತ್ತು."

ಒಳಗೆ ಸುಮಾ ಕೆಮ್ಮಿದಳು. ಬಸಣ್ಣ ಕಿತ್ತು ಬಿಸಾಕಿಸಿದ್ದ ಆ ಮೊದಲಿನ ಪಂಪಿಗೆ ಇನ್ನೂ ವರ್ಷವೂ ತುಂಬಿರಲಿಲ್ಲ!