ಏನೂ ಹೋಗದ ಪೈಪುಗಳು

"ಕಾರು ಹೇಗಿದೆ?" ಎಂದು ಮಾವನವರು ಫೋನಿನಲ್ಲಿ ಕೇಳಿದಾಗಲೆಲ್ಲ "ಹೂವಿನ ಹಾಗಿದೆ ಮಾವ" ಎನ್ನುವುದು ಅಲ್ಪವಿರಾಮನಿಗೆ ಬಾಯಿಪಾಠವಾಗಿಹೋಗಿತ್ತು. ಆ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಫೋನೆತ್ತಿಕೊಂಡವನು ಅಭ್ಯಾಸಬಲದಿಂದ ಅದನ್ನೇ ಅಂದ. "ಹಾಗಾದ್ರೆ ಸಾಯಂಕಾಲ ನಾನೂ ನಿಮ್ಮತ್ತೇನೂ ಬರ್ತೀವಿ ಅಳಿಯಂದ್ರೇ. ಕಾರಲ್ಲಿ ಒಂದು ಸುತ್ತು ಹೋಗೋಣ" ಎಂದು ಮಾವನವರು ಫೋನಿಟ್ಟರು. ಅಲ್ಪವಿರಾಮ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟ.

ಅಲ್ಪವಿರಾಮ ಎಂಬುದು ಅವನ ಹೆಸರಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವವನು ಅವನು. ಪ್ರತಿ ಪದದ ಹತ್ತಿರವೂ ಒಂದು ಕ್ಷಣ ನಿಂತು, ಮೂಸಿ ನೋಡಿ ಮುಂದೆ ಹೋಗುತ್ತಾನೆಂದು ಜತೆಯವರು ಇಟ್ಟ ಹೆಸರು ಅದು. ಅದು ಮನೆಯ ಬೀದಿಗೂ ಬಂದು ತಲುಪಿ, ಈಗ ಹಾಲಿನವನೂ ಹಾಗೇ ಕರೆಯುತ್ತಿದ್ದ.

ಕಾರು ಅವನಿಗಿಂತ ಹಿರಿಯದು. ಗುಂಡಗೆ ಬೆನ್ನು, ಉಬ್ಬಿದ ಕಣ್ಣು, ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದಂಥ ಗಂಭೀರ ಸದ್ದು. ಕೊಡುವಾಗ ಮಾವನವರು ಒಂದೇ ಷರತ್ತು ಹಾಕಿದ್ದರು: "ಓಡಿಸ್ತಾ ಇದ್ರೆ ನಿಮ್ಮದು. ಕೆಡಿಸಿ ನಿಲ್ಲಿಸಿಟ್ರೆ ದೊಡ್ಡ ಅಳಿಯಂದ್ರಿಗೆ." ದೊಡ್ಡ ಅಳಿಯ, ಅಂದರೆ ಅಲ್ಪವಿರಾಮನ ಷಡ್ಡಕ, ಮನೆಗೆ ಬಂದಾಗಲೆಲ್ಲ ಕಾಫಿಗೂ ಮೊದಲು ಕಾರಿನ ಹತ್ತಿರ ಹೋಗಿ ಅದರ ಬೆನ್ನು ಸವರುತ್ತಿದ್ದ. ಆ ಸವರುವಿಕೆಯನ್ನು ನೆನೆದರೆ ಅಲ್ಪವಿರಾಮನಿಗೆ ಅನ್ನ ಇಳಿಯುತ್ತಿರಲಿಲ್ಲ. ಅವನಿಗೆ ಆ ಕಾರೆಂದರೆ ಪ್ರಾಣ.

ಕಾರು ಓಡುತ್ತಿತ್ತು, ಸುಳ್ಳಲ್ಲ. ನಿಲ್ಲುವುದೇ ಅದಕ್ಕೆ ಆಗುತ್ತಿರಲಿಲ್ಲ. ಎಲ್ಲಾದರೂ ನಿಲ್ಲಿಸಿದ ತಕ್ಷಣ ಕೆಮ್ಮಿ, ನಡುಗಿ, ಉಸಿರು ಬಿಡುತ್ತಿತ್ತು. ಹೀಗಾಗಿ ಅಲ್ಪವಿರಾಮ ಸಿಗ್ನಲ್ ಇಲ್ಲದ ಗಲ್ಲಿಗಳನ್ನೇ ಹುಡುಕಿಕೊಂಡು, ಊರೆಲ್ಲ ಸುತ್ತಿ ಕೆಲಸಕ್ಕೆ ಹೋಗುತ್ತಿದ್ದ. ಹೆಂಡತಿಯನ್ನು ಹತ್ತಿಸಿಕೊಳ್ಳುವಾಗಲೂ ಪೂರ್ತಿ ನಿಲ್ಲಿಸುತ್ತಿರಲಿಲ್ಲ. ಅವಳು ಓಡುವ ಕಾರಿಗೆ ಸೀರೆ ಎತ್ತಿಕೊಂಡು ಹಾರುವುದನ್ನು ಕಲಿತಿದ್ದಳು.

"ಅಪ್ಪನಿಗೆ ನಿಜ ಹೇಳಿಬಿಡಿ" ಎಂದಳು ಅವಳು.

"ಹೇಳಿದ್ರೆ ನಾಳೆ ಇದೇ ಹೊತ್ತಿಗೆ ನಿಮ್ಮ ಭಾವ ಇದರ ಹಾರ್ನ್ ಹೊಡೀತಿರ್ತಾರೆ" ಎಂದು ಅಲ್ಪವಿರಾಮ ಲುಂಗಿ ಮೇಲೆ ಕಟ್ಟಿ ಬಾನೆಟ್ ಎತ್ತಿದ.

ಒಳಗೆ ಪೈಪುಗಳು. ಕರಿ ರಬ್ಬರಿನ ಸಣ್ಣ ಪೈಪುಗಳು ಎಂಜಿನ್ನಿನ ನೆತ್ತಿಯಿಂದ ಹೊರಟು, ಒಂದರ ಮೇಲೊಂದು ಬಿದ್ದು, ಸಂದಿಗೊಂದಿಗೆಲ್ಲ ನುಗ್ಗಿದ್ದವು. ಮಾವನವರು ಟೆಲಿಫೋನ್ ಇಲಾಖೆಯಲ್ಲಿ ಜೀವಮಾನವೆಲ್ಲ ತಂತಿ ಎಳೆದವರು. ಒಂದು ಎಳೆ ಕಂಡರೆ ಅದಕ್ಕೆ ಇನ್ನೊಂದನ್ನು ಕಟ್ಟದೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಕಾರ್ಖಾನೆಯವರು ಕೊಟ್ಟದ್ದು ಎರಡೋ ಮೂರೋ ಪೈಪು. ಉಳಿದದ್ದೆಲ್ಲ ಹಳೆ ಬಿಡಿಭಾಗಗಳ ಅಂಗಡಿಗಳಿಂದ ತಂದು ಮಾವನವರು ಸೇರಿಸಿದ್ದು. ಹಳೆಯ ಹಸ್ತಪ್ರತಿಗೆ ಯಾರೋ ಆಮೇಲೆ ತುರುಕಿದ ಪದ್ಯಗಳನ್ನು ಪಂಡಿತರು ಪ್ರಕ್ಷಿಪ್ತ ಎನ್ನುತ್ತಾರಲ್ಲ, ಅಲ್ಪವಿರಾಮನಿಗೆ ಈ ಪೈಪುಗಳೂ ಹಾಗೇ ಕಂಡವು. ಪ್ರಕ್ಷಿಪ್ತವನ್ನೆಲ್ಲ ಕಿತ್ತು, ತೂತು ಮುಚ್ಚಿ, ಮೂಲಪಾಠವನ್ನು ಉಳಿಸುವುದೆಂದು ತೀರ್ಮಾನಿಸಿದ.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಕಂಡಕ್ಟರ್ ಟೋಪಿ ಹಾಕಿಕೊಂಡು ಬಂದರು. ಬೀದಿಯಲ್ಲಿ ಯಾವ ಬಾನೆಟ್ ಎದ್ದರೂ ಅವರು ಹಾಜರು.

"ಈ ಪೈಪಲ್ಲಿ ಏನು ಹೋಗತ್ತೆ?"

"ಏನೂ ಹೋಗಲ್ಲ ಸಾರ್. ಎಂಜಿನ್ ಒಳಗಿಂದ ಹೀರತ್ತೆ. ಆ ಎಳೆತಕ್ಕೆ ಇವೆಲ್ಲ ಕೆಲಸ ಮಾಡ್ತವೆ. ಒಳಗೆ ಇರೋದು ನಿರ್ವಾತ."

"ಅಂದ್ರೆ?"

"ಅಂದ್ರೆ ಏನೂ ಇಲ್ಲ."

"ಏನೂ ಇಲ್ಲದ್ದನ್ನ ಸಾಗಿಸೋಕೆ ಇಷ್ಟು ಪೈಪಾ? ಮತ್ತೆ ಕಾರಿಗೇನು ರೋಗ?"

"ಎಲ್ಲೋ ಸೋರ್ತಿದೆ."

ಕಂಡಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಏನೂ ಇಲ್ಲದ್ದು ಸೋರಿದ್ರೆ ನಷ್ಟ ಏನು ಸಾರ್? ಬಿಟ್ಟಾಕಿ."

ಬಿರುಕಿನಿಂದ ಹೊರಗಿನ ಗಾಳಿ ಒಳಗೆ ನುಗ್ಗಿ, ಪೆಟ್ರೋಲಿನ ಹದ ಕೆಟ್ಟು ಎಂಜಿನ್ ಕೆಮ್ಮುತ್ತದೆ ಎಂಬುದನ್ನು ಅಲ್ಪವಿರಾಮ ವಿವರಿಸಿದ. ಕಂಡಕ್ಟರ್ ಎಲ್ಲ ಕೇಳಿ, "ನಾನು ಒಂದು ಆಯುಷ್ಯ ಬಸ್ಸಲ್ಲಿ ಕಳೆದವನು, ಇದು ಬ್ಯಾಟ್ರಿನೇ" ಎಂದರು.

ಅಲ್ಪವಿರಾಮ ಪೈಪುಗಳನ್ನು ಒಂದೊಂದಾಗಿ ಕಿತ್ತು, ಯಾವುದು ಎಲ್ಲಿಂದ ಬಂತೋ ಅದೇ ಕ್ರಮದಲ್ಲಿ ಹಳೇ ಚಾಪೆಯ ಮೇಲೆ ಇಡತೊಡಗಿದ. ಕೀಳುತ್ತ ಹೋದಂತೆ ಮಾವನವರ ಕೈಚಳಕ ಹೊರಬಿತ್ತು. ಒಂದು ಪೈಪು ಕೋಗಿಲೆಯಂತೆ ಕೂಗುವ ಸೀಟಿಗೆ ಹೋಗಿತ್ತು. ಒಂದು, ಬ್ರೇಕ್ ಒತ್ತಿದಾಗ ಹಿಂದಿನ ಕಿಟಕಿಯ ಪಕ್ಕದಲ್ಲಿ, ಹಿಂದೆ ಬರುವವರಿಗೆ ಸನ್ನೆಯಾಗಿ ಮೇಲೇಳುವ ಮರದ ಕೈಗೆ. ಇನ್ನೊಂದು, ಏರು ರಸ್ತೆಯಲ್ಲಿ ವೈಪರ್ ಸೊರಗದಿರಲಿ ಎಂದು ಎಳೆತವನ್ನು ಕೂಡಿಡುವ ಡಬ್ಬಕ್ಕೆ. ಆ ಡಬ್ಬ ಹಿಂದೆ ಬಿಸ್ಕತ್ತಿನದಾಗಿತ್ತು. ಬೆಸುಗೆ ಮಾತ್ರ ಅಕ್ಕಸಾಲಿಗನೂ ಮೆಚ್ಚುವಂಥದ್ದು. ಅಲ್ಪವಿರಾಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಎಸೆಯುವ ಬುಟ್ಟಿಯಲ್ಲಿ ಹಾಕುವ ಬದಲು ಮೆಟ್ಟಿಲ ಮೇಲೆ ಇಟ್ಟ.

ಕೊನೆಯ ಪೈಪು ಡ್ಯಾಶ್‌ಬೋರ್ಡಿನ ಅಡಿ ನುಸುಳಿ, ಎಡಗಡೆ ಸೀಟಿನ ಮುಂದೆ ಇದ್ದ ಮರದ ಮುಚ್ಚಳದ ಹಿಂದೆ ಹೋಗಿತ್ತು. ಅದು ತೆರೆಯಲಾಗದ ಡ್ರಾಯರ್ ಎಂದೇ ಅವನು ಇಷ್ಟು ದಿನ ತಿಳಿದಿದ್ದ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರೆ ಒಳಗೊಂದು, ಎಂಜಿನ್ನಿನ ಎಳೆತಕ್ಕೇ ಓಡುವ ಹಳೇ ವೈಪರ್ ಮೋಟರು. ಅದರ ತೋಳಿಗೆ, ವೈಪರ್ ಕಡ್ಡಿ ಇರಬೇಕಾದ ಕಡೆ, ಬಟ್ಟೆಯ ಅಂಚು ಕಟ್ಟಿದ ಪುಟ್ಟ ಬೀಸಣಿಗೆ.

ಹೆಂಡತಿಯನ್ನು ಕರೆದು ತೋರಿಸಿದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಗ್ಗಿ ನೋಡಿದಳು. "ಅಮ್ಮನಿಗೆ ಸೆಕೆ ತಡೆಯಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ಅವಳಿಗೋಸ್ಕರ ಏನೋ ಮಾಡ್ತಾ ದಿನಗಟ್ಟಲೆ ಕಾರಲ್ಲೇ ಕೂತಿರ್ತಿದ್ರು. ಆ ಅಂಚು ಅಮ್ಮನ ಸೀರೆದು."

ಅಲ್ಪವಿರಾಮ ಬಹಳ ಹೊತ್ತು ಆ ಬೀಸಣಿಗೆಯ ಎದುರು ಕೂತ. ಎಂಜಿನ್ನಿನ ಉಸಿರನ್ನು ಸಾಲ ತಂದು ಹೆಂಡತಿಗೆ ಗಾಳಿ ಬೀಸಿದ ಮನುಷ್ಯ ಎಂದುಕೊಂಡ. ತಾನು ಹೆಂಡತಿಗೆ ಮಾಡಿಕೊಟ್ಟದ್ದೇನು? ಓಡುವ ಕಾರಿಗೆ ಹಾರುವ ಅಭ್ಯಾಸ. ಇದನ್ನು ಪ್ರಕ್ಷಿಪ್ತವೆಂದು ಹೊಡೆದುಹಾಕುವ ಧೈರ್ಯ ಅವನಿಗಾಗಲಿಲ್ಲ. ಎಲ್ಲವನ್ನೂ ಇದ್ದಂತೆ ಮತ್ತೆ ಜೋಡಿಸಿ, ಸೋರುವುದನ್ನು ಮಾತ್ರ ಹುಡುಕಬೇಕು ಎಂದು ಹೊರಗೆ ಬಂದ.

ಹೊರಗೆ ಕಂಡಕ್ಟರ್ ಹೆಮ್ಮೆಯಿಂದ ನಿಂತಿದ್ದರು. "ಎಲ್ಲ ಚೆಲ್ಲಾಪಿಲ್ಲಿ ಆಗಿತ್ತು ಸಾರ್. ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿದ್ದೀನಿ."

ಅಲ್ಪವಿರಾಮ ಚಾಪೆಯ ತುದಿಯಲ್ಲಿ ಕುಸಿದು ಕೂತ. ಕ್ರಮ ಮಾಯವಾಗಿತ್ತು, ಪೈಪುಗಳು ಶಾಲೆಯ ಪ್ರಾರ್ಥನೆಗೆ ನಿಂತಂತೆ ಎತ್ತರದ ಪ್ರಕಾರ ನಿಂತಿದ್ದವು. ಬೈಯೋಣವೆಂದರೆ ಕಂಡಕ್ಟರ್ ಮುಖದಲ್ಲಿ ಅಷ್ಟೊಂದು ಸಂತೋಷ.

ನೆನಪಿದ್ದಷ್ಟು, ಊಹಿಸಿದಷ್ಟು ಜೋಡಿಸಿ ಕಾರು ಶುರು ಮಾಡಿದ. ವೈಪರ್ ಗುಂಡಿ ಎಳೆದರೆ ಕೋಗಿಲೆ ಕೂಗಿತು. ಕೋಗಿಲೆಯ ಗುಂಡಿ ಎಳೆದರೆ ಏನೂ ಆಗಲಿಲ್ಲ. ಬ್ರೇಕ್ ಒತ್ತಿದರೆ ವೈಪರ್ ಹುಚ್ಚು ಹಿಡಿದಂತೆ ಒರೆಸಿತು. ಗಾಬರಿಯಲ್ಲಿ ಎಲ್ಲ ಗುಂಡಿ ಒಟ್ಟಿಗೆ ಎಳೆದಾಗ ಮರದ ಕೈ ಸರಕ್ಕನೆ ಎದ್ದು, ಹಿಂದಿನ ಕಿಟಕಿಯಲ್ಲಿ ಇಣುಕುತ್ತಿದ್ದ ಕಂಡಕ್ಟರ್ ಟೋಪಿಯನ್ನು ಚರಂಡಿಗೆ ಹಾರಿಸಿತು. ಕೂಡಲೇ ಕಾರು ಕೆಮ್ಮಿ ಸತ್ತಿತು. "ಈಗ ಗೊತ್ತಾಯ್ತು, ಬ್ಯಾಟ್ರಿ ಅಲ್ಲ" ಎಂದರು ಕಂಡಕ್ಟರ್, ಟೋಪಿ ಜಾಡಿಸುತ್ತ.

ಕೋಗಿಲೆಯ ಕೂಗಿಗೆ ಮೇಲ್ಮನೆಯ ನರ್ಸಕ್ಕ ಎದ್ದುಬಂದಳು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದವಳು. ಬೈಯಲೆಂದೇ ಇಳಿದಿದ್ದಳು, ಆದರೆ ಕಾರಿನ ಕೆಮ್ಮು ಕೇಳಿ ಅವಳ ಮುಖ ಬದಲಾಯಿತು. "ಇದು ಶ್ವಾಸದ ತೊಂದರೆ" ಎಂದು ಮತ್ತೆ ಮೇಲೆ ಹೋಗಿ, ಹಳೆಯದೊಂದು ಸ್ಟೆತಾಸ್ಕೋಪ್ ತಂದು ಕಿವಿಗಿಟ್ಟುಕೊಂಡಳು.

"ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡೀರಿ, ಸಾಯೋದು ಬೇಡ. ಯಾರೂ ಮಾತಾಡಬೇಡಿ."

ಮಾತಾಡದಿರುವುದು ಕಂಡಕ್ಟರಿಗೆ ಹೇಳಿದ್ದು. ನರ್ಸಕ್ಕ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಒಂದೊಂದೇ ಪೈಪಿನ ಮೇಲಿಟ್ಟು, ಕಣ್ಣು ಮುಚ್ಚಿ ಕೇಳುತ್ತ ಹೋದಳು. ಮೂರು ದಾರಿ ಕೂಡುವ ರಬ್ಬರ್ ಕೊಂಡಿಯ ಬಳಿ ಕೈ ನಿಂತಿತು. "ಇಲ್ಲಿ ಉಸ್ಸ್ ಅಂತಿದೆ." ಅಲ್ಪವಿರಾಮ ಕೊಂಡಿಯನ್ನು ಬಾಗಿಸಿ ನೋಡಿದ. ಹೊಟ್ಟೆಯಲ್ಲಿ ಕೂದಲೆಳೆಯಷ್ಟು ಬಿರುಕು.

ಭಾನುವಾರ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಅಂಥ ಕೊಂಡಿ ಸೋಮವಾರ ಸಿಗುತ್ತದೆಂಬ ಭರವಸೆಯೂ ಇರಲಿಲ್ಲ. ಅಲ್ಪವಿರಾಮ ನಿಂತಲ್ಲೇ ಷಡ್ಡಕನ ಕೈ ಕಾರಿನ ಬೆನ್ನ ಮೇಲಿರುವುದನ್ನು ಮನಸ್ಸಿನಲ್ಲೇ ಕಂಡ. ನರ್ಸಕ್ಕ ಅವನ ಮುಖ ನೋಡಿ, ಕೊಂಡಿ ನೋಡಿ, ಕೊನೆಗೆ ತನ್ನ ಕೊರಳಿನ ಸ್ಟೆತಾಸ್ಕೋಪನ್ನೇ ನೋಡಿದಳು. ಎರಡು ಕಿವಿಯಿಂದ ಬಂದು ಒಂದಾಗುವ ದಪ್ಪ ರಬ್ಬರ್ ಕೊಳವೆ. "ಕತ್ತರಿ ಕೊಡಿ" ಎಂದಳು. ಇಂಥವರು ಮೇಲ್ಮನೆಯಲ್ಲಿರುವಾಗ ಮನುಷ್ಯನಿಗೆ ಬೇರೆ ದೇವರು ಬೇಡ ಅನ್ನಿಸಿತು ಅಲ್ಪವಿರಾಮನಿಗೆ.

ಕೊಳವೆ ಅಳತೆ ತೆಗೆದಂತೆ ಕೂತಿತು. ಕಾರು ನಿಂತಲ್ಲೇ ಒಂದೇ ಲಯದಲ್ಲಿ ಗುನುಗತೊಡಗಿತು. ಕಂಡಕ್ಟರ್ "ಶುರು ಮಾಡಿ ಸಾರ್" ಎಂದರು. "ಶುರುವಾಗಿದೆ" ಎಂದ ಅಲ್ಪವಿರಾಮ.

ಮಧ್ಯಾಹ್ನವೆಲ್ಲ ಉಳಿದ ಪೈಪುಗಳನ್ನು ಸರಿಯಾದ ಮನೆಗೆ ಸೇರಿಸಿದ. ಕೋಗಿಲೆ ಕೋಗಿಲೆಯ ಗುಂಡಿಗೇ ಕೂಗಿತು. ಬೀಸಣಿಗೆ ಮಾತ್ರ ಅಲುಗಲಿಲ್ಲ. ಅದರ ಪೈಪಿನ ನಡುವೆ ಗಾಳಿಯನ್ನು ಒಂದೇ ಕಡೆಗೆ ಬಿಡುವ ಚಿಕ್ಕ ಕರಿ ಬಿಲ್ಲೆ ಇತ್ತು. ಬೇರೆ ಯಾರಾದರೂ ಬಿಟ್ಟುಬಿಡುತ್ತಿದ್ದರೇನೋ. ಆದರೆ ತಲೆಕೆಳಗಾದ ಅಕ್ಷರ ಹುಡುಕಿಯೇ ಹೊಟ್ಟೆ ಹೊರೆದವನು ಅವನು. ಬಿಲ್ಲೆಯ ಮೇಲಿನ ಬಾಣದ ಗುರುತು ಎಂಜಿನ್ನಿಗೆ ಬೆನ್ನು ಮಾಡಿತ್ತು. ಯಾರೋ ಬೇಜವಾಬ್ದಾರಿ ಮೆಕ್ಯಾನಿಕ್ ಉಲ್ಟಾ ಹಾಕಿದ್ದಾನೆಂದು ಬೈದುಕೊಳ್ಳುತ್ತ ತಿರುಗಿಸಿ ಹಾಕಿದ. ಬೀಸಣಿಗೆ ಒಮ್ಮೆ ನಡುಗಿ, ಅತ್ತಿಂದಿತ್ತ ಬೀಸತೊಡಗಿತು.

ಸಂಜೆ ಮಾವನವರು ಬಂದವರೇ ಚಪ್ಪಲಿ ಬಿಡದೆ ಕಾರಿನಲ್ಲಿ ಕೂತರು. ಅತ್ತೆಯವರು ಎಡಗಡೆ ಕೂತು, ಕೈಚೀಲದಿಂದ ಮಡಿಚಿದ ಪೇಪರೊಂದನ್ನು ತೆಗೆದು ಗಾಳಿ ಹಾಕಿಕೊಳ್ಳಲು ಶುರು ಮಾಡಿದರು. ಮಾವನವರು ಎಂಜಿನ್ ಶುರು ಮಾಡಿ, ಕತ್ತು ಓರೆ ಮಾಡಿ ಕೇಳಿದರು. "ಹೂವಿನ ಹಾಗೇ ಇದೆ" ಎಂದರು. ಅಲ್ಪವಿರಾಮನ ಎದೆಯ ಭಾರ ಇಳಿಯಿತು. ಕಾರು ತನ್ನದಾಗಿ ಉಳಿಯಿತು.

ಆ ಖುಷಿಯಲ್ಲಿ ಅವನು ಕಿಟಕಿಯೊಳಗೆ ಕೈ ಹಾಕಿ, ಮುಚ್ಚಳ ಸರಿಸಿ, "ಅತ್ತೆ, ಇದು ನೋಡಿ" ಎಂದು ಗುಂಡಿ ಎಳೆದ.

ಬೀಸಣಿಗೆ ಬೀಸಿತು. ಅತ್ತೆಯವರ ಕೈಯ ಪೇಪರು ನಿಂತಿತು. ಹಣೆಯ ಮೇಲಿನ ನೆರೆಗೂದಲು ಹಾರುತ್ತಿದ್ದುದನ್ನು ಮಾವನವರು ಸ್ಟಿಯರಿಂಗ್ ಹಿಡಿದೇ ನೋಡುತ್ತ ಕೂತರು.

"ಇದು ಬೀಸ್ತಿದೆಯಲ್ರೀ" ಎಂದರು ಅತ್ತೆಯವರು.

"ಮೊದಲೂ ಬೀಸ್ತಿತ್ತಲ್ಲ ಅತ್ತೆ?"

"ಎಲ್ಲಿ ಬೀಸ್ತಿತ್ತು? ಇವರು ಕಟ್ಟಿದ ದಿನದಿಂದ ಒಂದು ಸಲವೂ ಅಲ್ಲಾಡಿಲ್ಲ. ಈಗ ಬೀಸತ್ತೆ, ನಾಳೆ ಬೀಸತ್ತೆ ಅಂತ ನಾನೂ ಕಾದೆ. ಕೊನೆಗೆ ಈ ಕಾರಲ್ಲಿ ಕೂತ್ರೆ ಬೇಯ್ತೀನಿ, ಯಾರಿಗಾದ್ರೂ ಕೊಟ್ಬಿಡಿ ಅಂದೆ. ಅದಕ್ಕೇ ಅಲ್ವಾ ನಿಮಗೆ ಬಂದದ್ದು."

ಮಾವನವರು ಮೆಲ್ಲಗೆ ಕೇಳಿದರು. "ಎಲ್ಲಿ ತಪ್ಪಿತ್ತು ಅಳಿಯಂದ್ರೇ?"

"ಒಂದು ಬಿಲ್ಲೆ ಉಲ್ಟಾ ಇತ್ತು ಮಾವ. ಯಾರೋ ತಿಳೀದವರು..." ಎನ್ನುತ್ತಿದ್ದವನು ಮಾವನವರ ಮುಖ ಕಂಡು ನಾಲಿಗೆ ಕಚ್ಚಿಕೊಂಡ.

"ನಾನೇ ಹಾಕಿದ್ದು" ಎಂದರು ಅವರು. ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ದೊಡ್ಡವರು ಅಳಿಯಂದ್ರೇ. ನನ್ನ ಕೈಲಾಗದ್ದು ಮಾಡಿದ್ರಿ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಇಳಿ, ಮಕ್ಕಳು ಒಂದು ಸುತ್ತು ಕೂರಲಿ. ನಮ್ಮ ಬಸ್ಸಿಗೂ ಹೊತ್ತಾಗತ್ತೆ" ಎಂದರು.

"ಬಸ್ಸು ಯಾಕೆ?" ಎಂದರು ಅತ್ತೆಯವರು, ಸೀಟಿಗೆ ಇನ್ನಷ್ಟು ಒರಗಿ. "ನಾನು ಇಳಿಯಲ್ಲ. ಮನೆಗೆ ನಡೀರಿ."

ಮಾವನವರು ಹೆಂಡತಿಯನ್ನು ನೋಡಿದರು, ಅಳಿಯನನ್ನು ನೋಡಿದರು. ಕ್ಷಮೆ ಕೇಳುವವರಂತೆ ಕಿಟಕಿಯಿಂದ ಕೈ ಚಾಚಿ ಅಲ್ಪವಿರಾಮನ ಭುಜ ತಟ್ಟಿದರು. "ದೊಡ್ಡ ಅಳಿಯಂದ್ರಿಗಂತೂ ಕೊಡಲ್ಲ. ಆ ಯೋಚನೆ ಬಿಡಿ."

ಕಾರು ಬೀದಿಯ ತುದಿಯಲ್ಲಿ ಪೂರ್ತಿ ನಿಂತು, ಎರಡೂ ಕಡೆ ನೋಡಿ, ಒಂದು ಚೂರೂ ಕೆಮ್ಮದೆ ತಿರುಗಿಹೋಯಿತು. ಎಷ್ಟು ಚೆನ್ನಾಗಿ ನಿಲ್ಲುತ್ತದೆ ಎಂದು ಅಲ್ಪವಿರಾಮನಿಗೆ ಹೆಮ್ಮೆಯಾಯಿತು. ಹೆಮ್ಮೆ ಮುಗಿದ ಮೇಲೆ ಖಾಲಿ ಜಾಗ ಕಂಡಿತು.

"ಇಷ್ಟು ವರ್ಷ ತಪ್ಪು ತಿದ್ದಿದ್ದೀರಿ" ಎಂದಳು ಹೆಂಡತಿ. "ಎಲ್ಲಾದರೂ ಒಂದು ಬಿಡೋದು ಕಲೀಬಾರದಿತ್ತಾ?"

ಅಲ್ಪವಿರಾಮ ಸ್ವಲ್ಪ ಹೊತ್ತು ನಿಂತ. ಆಮೇಲೆ ಎದುರುಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಂಡಕ್ಟರ್ ಕಡೆ ತಿರುಗಿ, ಬೆಳಿಗ್ಗೆ ಮುದ್ರಣಾಲಯದ ಕಡೆಗೆ ಹೋಗುವ ಬಸ್ಸು ಯಾವುದೆಂದು ಕೇಳಿದ.